ಒಂದು ಗಂಟೆಯ ಲೆಕ್ಕ

ಬೆಂಗಳೂರು ವಿಮಾನ ನಿಲ್ದಾಣದಿಂದ ಮಂಗಳೂರಿನದಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹಾರಿದರೆ 23 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿರುವುದು ಒಂದು ಗಂಟೆಗೂ ತುಸು ಹೆಚ್ಚು. ನೆಲದ ಮೇಲಿನ ಓಟ, ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಪೂರ್ಣ ವೇಗ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಮಂಗಳೂರಿನಲ್ಲಿ ಅಪ್ಪ ಆಸ್ಪತ್ರೆ ಸೇರಿದ್ದಾರೆಂದು ರಾತ್ರಿ ಒಂಬತ್ತಕ್ಕೆ ಫೋನ್ ಬಂದಾಗ ಜಯನಗರದ ಮಗ ಈ ಒಂದು ಗಂಟೆಯನ್ನೇ ನಂಬಿದ. ಅವನ ತಂಗಿ ಸುಮ್ಮನೆ ರಾತ್ರಿ ಬಸ್ಸು ಹತ್ತಿದಳು. ರಸ್ತೆಯಲ್ಲಿ 350 ಕಿ.ಮೀ., ನಡುವೆ ಘಾಟಿ ಬೇರೆ.

ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋಗಿದೆ. ಮಗ ನಾಲ್ಕಕ್ಕೇ ಎದ್ದು, ಸುಮಾರು 40 ಕಿ.ಮೀ. ಟ್ಯಾಕ್ಸಿಯಲ್ಲಿ ಹೋಗಿ, ತಪಾಸಣೆಯ ಸಾಲಿನಲ್ಲಿ ನಿಂತ. ಬಜ್ಪೆಯಲ್ಲಿ ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಮಳೆಮೋಡದಲ್ಲಿ ಕಾಣದೆ ವಿಮಾನ ಆಕಾಶದಲ್ಲೇ ಸುತ್ತು ಹಾಕಿತು. ಪ್ರತಿ ಸುತ್ತಿಗೂ ಅವನ ಎದೆ ಡವಗುಟ್ಟುತ್ತಿತ್ತು.

ಆಸ್ಪತ್ರೆ ತಲುಪಿದಾಗ ಒಂಬತ್ತೂವರೆ. ತಂಗಿ ಏಳಕ್ಕೇ ಬಂದು ಅಪ್ಪನಿಗೆ ಗಂಜಿ ಕುಡಿಸಿ ಮುಗಿಸಿದ್ದಳು.

“ವಿಮಾನದಲ್ಲಿ ಬಂದದ್ದಾ? ಹಾಗಾದರೆ ತಡವಾಗದೆ ಮತ್ತೆ!” ಎಂದು ಅಪ್ಪ ಮೆಲ್ಲಗೆ ನಕ್ಕರು.

ಆ ನಗು ಕಂಡ ಮೇಲೆ ಮಗನಿಗೆ ಯಾವ ಲೆಕ್ಕವೂ ಬೇಕಾಗಲಿಲ್ಲ.