ಉರಿಯದ ಒಲೆಯ ಉಸಿರು

ಲಂಡನ್ನಿನಲ್ಲಿ ನನ್ನ ಮಗನದು ನೂರು ವರ್ಷ ದಾಟಿದ ಮನೆ. ಪಿಂಚಣಿದಾರನಾದ ನನಗೆ ಬಿಟ್ಟುಕೊಟ್ಟ ಕೋಣೆಯಲ್ಲೊಂದು ಅಗ್ಗಿಷ್ಟಿಕೆಯಿದೆ. ಅದಕ್ಕೂ ಪಿಂಚಣಿಯೇ. 1952ರ ಡಿಸೆಂಬರಿನಲ್ಲಿ ಹೊಗೆಮಂಜು ಕವಿದು ಆ ಊರಿನಲ್ಲಿ ಸಾವಿರಾರು ಜನ ಸತ್ತದ್ದನ್ನು ನೀವು ಕೇಳಿರಬಹುದು. 1956ರಲ್ಲಿ ಶುದ್ಧವಾಯು ಕಾಯಿದೆ ಬಂದಿತು. ಮನೆಮನೆಯ ಕಲ್ಲಿದ್ದಲ ಬೆಂಕಿ ಆರುತ್ತ ಹೋಯಿತು. ನಮ್ಮ ಅಗ್ಗಿಷ್ಟಿಕೆಯ ಬಾಯಿಗೂ ಯಾರೋ ಹಲಗೆ ಬಡಿದು ಬಣ್ಣ ಬಳಿದಿದ್ದರು.

ಈಚೆಗೆ ಅದರ ಮೇಲಿನ ಗೋಡೆಯಲ್ಲಿ ಕಂದು ಕಲೆ ಮೂಡಿತು. ಚಿಮಣಿಯ ನೆತ್ತಿಯನ್ನೂ ಸಿಮೆಂಟಿನಿಂದ ಮುಚ್ಚಿಸಿಬಿಡುತ್ತೇನೆಂದ ಮಗ. ಮುದಿ ಗಾರೆಯವನು ಒಪ್ಪಲಿಲ್ಲ. “ಒಳಗಿನ ಹಳೆಯ ಮಸಿಯಲ್ಲಿ ಉಪ್ಪಿದೆ, ತೇವವನ್ನು ಹೀರುತ್ತದೆ. ಗಾಳಿಯಾಡದಿದ್ದರೆ ಅದು ಗೋಡೆಗಿಳಿಯುತ್ತದೆ” ಎಂದ. ಮಸಿ ಗುಡಿಸಿಸಿ, ನೆತ್ತಿಗೆ ಮಳೆ ತಡೆದು ಗಾಳಿ ಬಿಡುವ ಟೋಪಿಯಿಟ್ಟ. ಕೆಳಗಿನ ಹಲಗೆಯಲ್ಲೊಂದು ಜಾಲರಿ ಕೂರಿಸಿದ. ಕೆಲವು ತಿಂಗಳಲ್ಲಿ ಗೋಡೆ ಒಣಗಿತು.

“ಉಪಯೋಗವಿಲ್ಲದ ಒಲೆಗೆ ಇಷ್ಟು ಖರ್ಚೆ, ಅಪ್ಪ?” ಎಂದು ಮಗ ಗೊಣಗಿದ.

“ಕೆಲಸ ನಿಂತಿತೆಂದು ಬಾಯಿ ಮುಚ್ಚಿಸಿದರೆ, ಒಳಗಿನದು ಗೋಡೆಯ ಮೇಲೆ ಮೂಡುತ್ತದಪ್ಪ” ಎಂದೆ.

ಅವನು ಮಾತನಾಡಲಿಲ್ಲ. ಈಗ ಕಚೇರಿಯಿಂದ ಬಂದವನು ಹತ್ತು ನಿಮಿಷ ನನ್ನ ಕೋಣೆಯಲ್ಲಿ ಕೂರುತ್ತಾನೆ. ಜಾಲರಿಯನ್ನು ನೋಡುವುದಕ್ಕಂತೆ.