ಕಾದಾಟದೊಳಗಿನ ಆಟ

2002ರ ಮಳೆಗಾಲದ ಒಂದು ಸಂಜೆ. ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ನಾನೂ ನನ್ನ ಸೋದರಮಾವನೂ ಕಂಪ್ಯೂಟರಿನ ಮುಂದೆ ಕೂತಿದ್ದೆವು. ಕಾಲೇಜಿನ ಗೆಳೆಯನೊಬ್ಬ ನಕಲು ಮಾಡಿಕೊಟ್ಟ ಸಿ.ಡಿ. ಓಡುತ್ತಿತ್ತು. ತೆರೆಯ ಮೇಲೆ ಟೋಕಿಯೊ ಡೋಮ್. ಕಿತ್ತಳೆ ಬಣ್ಣದ ಚಡ್ಡಿ ತೊಟ್ಟ ಜಪಾನಿನ ಹುಡುಗನೊಬ್ಬ, ಬಿಳಿ ಅಂಗಿ ಪಾಯಿಜಾಮದ ಬ್ರೆಜಿಲಿನವನೊಬ್ಬ, ಹಗ್ಗಕ್ಕೆ ಒರಗಿ ಒಬ್ಬರನ್ನೊಬ್ಬರು ಹೆಣೆದುಕೊಂಡು ನಿಂತಿದ್ದರು. ಗೆದ್ದವನ ಮುಂದಿನ ಬದುಕೇ ಬೇರೆಯಾಗುವಂಥ ಪಂದ್ಯ. ಆ ಬಿಗಿಯ ನಡುವೆ ಕಿತ್ತಳೆ ಚಡ್ಡಿಯವನು ಎದುರಾಳಿಯ ಪಾಯಿಜಾಮವನ್ನು ಕೆಳಕ್ಕೆ ಜಗ್ಗಿ, ಜನರ ಕಡೆ ನೋಡಿ ನಕ್ಕ. ಸಾವಿರಾರು ಜನ ಒಟ್ಟಿಗೆ ನಕ್ಕರು.

ಮಾವ ನಗಲಿಲ್ಲ. ಹದಿಹರೆಯದಲ್ಲಿ ಗರಡಿಗೆ ಹೋಗಿ ಸಾಮು ಮಾಡಿದವರು, ಕಿವಿ ಮುದುಡಿದವರು. ಮುಂದಕ್ಕೆ ಬಾಗಿ ತೆರೆಯನ್ನೇ ನೋಡುತ್ತಾ, "ಇವ್ನು ಬಡೀತಾ ಇಲ್ಲ ಕಣೋ, ಆಡ್ತಾವ್ನೆ" ಅಂದರು.

ಆ ಹುಡುಗ ಕಜುಶಿ ಸಕುರಾಬಾ. ಆ ಪಂದ್ಯ 2000ದ ಮೇ 1ರದು. ಎದುರಿಗಿದ್ದವನು ರಾಯ್ಸ್ ಗ್ರೇಸಿ. ಮಾವ ಈಗಿಲ್ಲ. ಆ ಸಿ.ಡಿ. ಗೀರು ಬಿದ್ದು ಎಂದೋ ಹಾಳಾಯಿತು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂಬ ಕ್ರೀಡೆ ಮಾತ್ರ ಜಗತ್ತನ್ನೇ ಆವರಿಸಿಕೊಂಡು ಬೆಳೆದಿದೆ. ಆದರೆ ಅದನ್ನು ನೋಡುವಾಗಲೆಲ್ಲ ಮಾವ ಹೇಳಿದ ಆ 'ಆಟ'ವನ್ನೇ ನನ್ನ ಕಣ್ಣು ಹುಡುಕುತ್ತದೆ. ಸಿಗುವುದು ಅಪರೂಪ.

ಸಕುರಾಬಾ ಹುಟ್ಟಿದ್ದು 1969ರಲ್ಲಿ, ಜಪಾನಿನ ಉತ್ತರದ ಅಕಿತಾ ಪ್ರಾಂತ್ಯದಲ್ಲಿ. ಶಾಲೆಯಲ್ಲೂ ಟೋಕಿಯೊದ ಚುವೊ ವಿಶ್ವವಿದ್ಯಾಲಯದಲ್ಲೂ ಕುಸ್ತಿ ಆಡಿದ. ಆಮೇಲೆ ಸೇರಿದ್ದು ಯು.ಡಬ್ಲ್ಯು.ಎಫ್. ಇಂಟರ್‌ನ್ಯಾಷನಲ್ ಎಂಬ ವೃತ್ತಿ ಕುಸ್ತಿಯ ಸಂಸ್ಥೆಯನ್ನು. ಅಲ್ಲಿ ಗೆಲುವು ಸೋಲು ಮೊದಲೇ ನಿಶ್ಚಯವಾಗಿರುತ್ತಿದ್ದರೂ ಒದೆತಗಳು ನಿಜವಾದವು, ಪಟ್ಟುಗಳು ನಿಜವಾದವು, ತಾಲೀಮಂತೂ ಕಡು ನಿಜವಾದದ್ದು. ಅಲ್ಲಿ ಅವನಿಗೆ ಪಟ್ಟು ಕಲಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಬಿಲ್ಲಿ ರಾಬಿನ್ಸನ್. ಕಲ್ಲಿದ್ದಲ ಗಣಿಗಳ ಊರಾದ ವಿಗನ್‌ನಲ್ಲಿ ಬಿಲ್ಲಿ ರೈಲಿ ಎಂಬ ಉಸ್ತಾದರು ನಡೆಸುತ್ತಿದ್ದ 'ಸ್ನೇಕ್ ಪಿಟ್' ಎಂಬ ಗರಡಿಯಲ್ಲಿ ಪಳಗಿದವರು ರಾಬಿನ್ಸನ್. ಅದೇ ಗರಡಿಯಲ್ಲಿ ಕಲಿತ ಇನ್ನೊಬ್ಬರು, ಬೆಲ್ಜಿಯಂ ಮೂಲದ ಕಾರ್ಲ್ ಗಾಚ್. ಜಪಾನಿನ ವೃತ್ತಿ ಕುಸ್ತಿಯವರು ಅವರನ್ನು ದೇವರೆಂದೇ ಕರೆದರು.

ಈ ಗಾಚ್ ಜಪಾನಿನ ದೋಜೋಗಳಿಗೆ ತಂದ ಕಸರತ್ತು ಯಾವುದು ಅಂದರೆ ನಮ್ಮ ದಂಡ, ನಮ್ಮ ಬಸ್ಕಿ. ಭಾರತದ ಪೈಲ್ವಾನರಿಂದ ಹೊರದೇಶಗಳಿಗೆ ಹೋದ ಆ ಸಾಮಿನ ಬಸ್ಕಿ ಅಲ್ಲಿ 'ಹಿಂದೂ ಸ್ಕ್ವಾಟ್' ಎಂಬ ಹೆಸರು ಪಡೆಯಿತು. ಹೊಸದಾಗಿ ಸೇರಿದ ಹುಡುಗರು ದಿನವೂ ನೂರುಗಟ್ಟಲೆ ಬಸ್ಕಿ ಹೊಡೆದು, ನೆಲದ ಮೇಲೆ ಬೆವರಿನ ಮಡು ನಿಂತ ಮೇಲೆಯೇ ಪಟ್ಟಿನ ಪಾಠ. ಈ ಸಂಗತಿಯನ್ನು ನಾನು ಓದಿ ಮಾವನಿಗೆ ಹೇಳಿದಾಗ ಅವರಿಗೆ ಅಚ್ಚರಿಯೇ ಆಗಲಿಲ್ಲ. "ಅವನ ತೊಡೆ ನೋಡಿದ್ರೇ ಗೊತ್ತಾಗಲ್ವೇನೋ" ಅಂದರು. ಮಟ್ಟಿಯ ಕೆಮ್ಮಣ್ಣಿನಲ್ಲಿ ಕಲಿತ ಕಣ್ಣಿಗೆ ಟೋಕಿಯೊದ ಆ ದೇಹ ಪರಿಚಿತವಾಗಿತ್ತು.

ಸಕುರಾಬಾ ಕಣಕ್ಕಿಳಿದ ಕಾಲವನ್ನು ಸ್ವಲ್ಪ ನೆನೆಯಬೇಕು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯು.ಎಫ್.ಸಿ. ಎಂಬ ಕಾದಾಟದ ಕೂಟ ಮೊದಲ ಸಲ ನಡೆಯಿತು. ಯಾವ ವಿದ್ಯೆ ದೊಡ್ಡದು ಎಂಬ ಹಳೆಯ ಪ್ರಶ್ನೆಗೆ ಉತ್ತರ ಬೇಕಿತ್ತು. ಬಾಕ್ಸರು, ಸುಮೊ ಜಟ್ಟಿ, ಕರಾಟೆಯವನು, ಕುಸ್ತಿಯವನು ಎಲ್ಲರೂ ತಂತಮ್ಮ ವಿದ್ಯೆಯೊಂದನ್ನೇ ನಂಬಿ ಬಂದರು. ತೂಕದ ವಿಭಾಗವಿರಲಿಲ್ಲ. ಒಂದೇ ರಾತ್ರಿ ಮೂವರನ್ನು ಮಣಿಸಿ ಗೆದ್ದವನು ತೆಳ್ಳನೆ ಮೈಯ ರಾಯ್ಸ್ ಗ್ರೇಸಿ. ಜಪಾನಿನ ಜೂಡೊ ಬ್ರೆಜಿಲ್ ಸೇರಿ, ಗ್ರೇಸಿ ಮನೆತನದ ಕೈಯಲ್ಲಿ ಬೇರೆಯೇ ರೂಪ ತಾಳಿದ ಜಿಯು-ಜಿತ್ಸು ಅವನ ಬಲ. ಅಂದಿನಿಂದ ಗ್ರೇಸಿ ಎಂದರೆ ಸೋಲದ ಹೆಸರು.

ಆ ಹೆಸರಿನ ಮುಂದೆ ಹೆಚ್ಚು ನೊಂದವರು ಜಪಾನಿನ ವೃತ್ತಿ ಕುಸ್ತಿಯವರು. ಅವರ ನಾಯಕ ನೊಬುಹಿಕೊ ತಕಾಡಾ 1997ರ ಅಕ್ಟೋಬರಿನಲ್ಲಿ, ಜಪಾನಿನಲ್ಲೇ ಶುರುವಾದ 'ಪ್ರೈಡ್' ಎಂಬ ಕಾದಾಟದ ಸರಣಿಯ ಮೊದಲ ಕೂಟದಲ್ಲೇ ರಿಕ್ಸನ್ ಗ್ರೇಸಿಗೆ ಸೋತ. ಮರುವರ್ಷ ಮತ್ತೆ ಸೋತ. ನಿಮ್ಮದೆಲ್ಲ ನಾಟಕ ಎಂಬ ಮಾತು ಅವರ ಬೆನ್ನಿಗೆ ಬಿತ್ತು. ಅಷ್ಟರಲ್ಲಿ ಅದೇ ಪಾಳಯದ ಹೆಚ್ಚು ಹೆಸರಿಲ್ಲದ ಹುಡುಗನೊಬ್ಬ 1997ರ ಡಿಸೆಂಬರಿನಲ್ಲಿ ಯೊಕೊಹಾಮಾದಲ್ಲಿ ನಡೆದ ಯು.ಎಫ್.ಸಿ.ಗೆ ಬದಲಿ ಆಟಗಾರನಾಗಿ ಹೋದ. ತನಗಿಂತ ಬಹಳ ದಪ್ಪನೆಯ ಮಾರ್ಕುಸ್ ಸಿಲ್ವೇರಾ ಎಂಬ ಬ್ರೆಜಿಲಿನವನ ತೋಳು ಹಿಡಿದು ಶರಣಾಗಿಸಿದ. ಗೆದ್ದ ಮೇಲೆ ಅವನು ಜಗತ್ತಿಗೆ ಹೇಳಿದ್ದು, ವೃತ್ತಿ ಕುಸ್ತಿಯವರು ನಿಜಕ್ಕೂ ಬಲಶಾಲಿಗಳು ಎಂದು. ಗೆಲುವನ್ನು ತನ್ನದೆನ್ನದೆ ತನ್ನ ಗರಡಿಯದೆಂದ. ಆ ಒಂದು ಮಾತಿಗಾಗಿಯೇ ನಾನು ಅವನನ್ನು ಪ್ರೀತಿಸಿದೆ.

ಮುಂದಿನ ಮೂರು ವರ್ಷ ಸಕುರಾಬಾ ಪ್ರೈಡ್‌ನಲ್ಲಿ ಆಡಿದ ಆಟವನ್ನು ಹೇಗೆ ಬಣ್ಣಿಸಲಿ? ಕೆಳಗೆ ಮಲಗಿ ಕಾಲು ಮಡಚಿ ಕಾದಿರುವ ಎದುರಾಳಿಯ ಮೇಲೆ ಮಕ್ಕಳಂತೆ ಲಾಗ ಹಾಕಿ ಹಾರಿ ಆಚೆ ಬದಿಗೆ ಇಳಿಯುತ್ತಿದ್ದ. ಎರಡೂ ಕೈಯೆತ್ತಿ, ಸಿನಿಮಾದ ಹೊಡೆತದ ಹಾಗೆ ಕಾಣುವ 'ಮಂಗೋಲಿಯನ್ ಚಾಪ್' ಅನ್ನು ನಿಜವಾದ ಪಂದ್ಯದಲ್ಲಿ ಹಾಕುತ್ತಿದ್ದ. ಮುಖವಾಡ ತೊಟ್ಟು ಕಣಕ್ಕೆ ಬರುತ್ತಿದ್ದ. ರಾಯ್ಸ್ ಜೊತೆಗಿನ ಪಂದ್ಯಕ್ಕೆ ಒಂದೇ ಥರದ ಮುಖವಾಡದ ಮೂವರು ಬಂದರು, ಸಕುರಾಬಾ ಯಾರೆಂದು ಜನ ತಡಕಾಡಿದರು. ಆದರೆ ಇದು ಬರೀ ವೇಷವಲ್ಲ. ವಿಟರ್ ಬೆಲ್ಫೋರ್ಟ್‌ನಂಥ ಕಡು ವೇಗದ ಹೊಡೆತಗಾರನನ್ನೂ ಕಾರ್ಲೋಸ್ ನ್ಯೂಟನ್‌ನಂಥ ಚುರುಕು ಪಟ್ಟುಗಾರನನ್ನೂ ಅವನು ಮಣಿಸಿದ. ಎದುರಾಳಿಯ ಎಣಿಕೆಯನ್ನು ತಪ್ಪಿಸಿ, ಅವನು ತಬ್ಬಿಬ್ಬಾದ ಕ್ಷಣದಲ್ಲಿ ತೋಳನ್ನೋ ಮಂಡಿಯನ್ನೋ ಹಿಡಿಯುವುದು ಅವನ ವಿದ್ಯೆ. ನಗು ಅದರ ಮೊದಲ ಪಟ್ಟು.

ಅವನ ಮುಖ್ಯ ಅಸ್ತ್ರಕ್ಕೆ ದೊಡ್ಡ ಚರಿತ್ರೆಯಿದೆ. ಎದುರಾಳಿಯ ಮಣಿಕಟ್ಟನ್ನು ಎರಡೂ ಕೈಯಿಂದ ಬಂಧಿಸಿ, ತೋಳನ್ನು ಬೆನ್ನಿನ ಕಡೆಗೆ ತಿರುಚುವ ಪಟ್ಟು ಅದು. 1951ರಲ್ಲಿ ರಿಯೊ ಡಿ ಜನೈರೊದ ಮರಕಾನಾದಲ್ಲಿ ಜೂಡೊ ವೀರ ಮಸಾಹಿಕೊ ಕಿಮುರಾ ಇದೇ ಪಟ್ಟಿನಿಂದ ರಾಯ್ಸ್‌ನ ತಂದೆ ಹೆಲಿಯೊ ಗ್ರೇಸಿಯ ತೋಳು ಮುರಿದ. ಹೆಲಿಯೊ ಶರಣು ಅನ್ನಲಿಲ್ಲ. ಕಡೆಯವರು ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಸೋಲಿಸಿದವನ ಮೇಲಿನ ಗೌರವಕ್ಕೆ ಆ ಪಟ್ಟಿಗೆ 'ಕಿಮುರಾ' ಎಂದೇ ಹೆಸರಾಯಿತು. ವಿಗನ್‌ನ ಗಣಿಯ ಊರಿನವರೂ ಅದೇ ಪಟ್ಟನ್ನು ಬೇರೆ ಹೆಸರಿನಲ್ಲಿ ಬಲ್ಲವರಾಗಿದ್ದರು. ಸಕುರಾಬಾಗೆ ಅದು ಆ ದಾರಿಯಿಂದ ಬಂತು. 1999ರ ನವೆಂಬರಿನಲ್ಲಿ ಅದೇ ಪಟ್ಟಿನಲ್ಲಿ ರಾಯ್ಲರ್ ಗ್ರೇಸಿ ಸಿಕ್ಕಿಕೊಂಡಾಗ ತೀರ್ಪುಗಾರರು ಪಂದ್ಯ ನಿಲ್ಲಿಸಿದರು. ರಾಯ್ಲರ್ ಶರಣಾಗಿರಲಿಲ್ಲ, ತೂಕದಲ್ಲೂ ಬಹಳ ಕಡಿಮೆಯಿದ್ದ. ಆ ಮನೆತನದ ಕೋಪಕ್ಕೆ ಕಾರಣವಿತ್ತು.

ಹಾಗಾಗಿಯೇ ರಾಯ್ಸ್ ಜೊತೆಗಿನ ಪಂದ್ಯಕ್ಕೆ ಗ್ರೇಸಿಗಳು ತಮ್ಮದೇ ಕರಾರು ಹಾಕಿದರು. ತೀರ್ಪುಗಾರ ನಡುವೆ ನಿಲ್ಲಿಸುವಂತಿಲ್ಲ. ಹದಿನೈದು ನಿಮಿಷದ ಸುತ್ತುಗಳು, ಎಷ್ಟಾದರೂ ಸರಿ, ಒಬ್ಬ ಸೋಲುವವರೆಗೆ. ಸಕುರಾಬಾ ಒಪ್ಪಿಕೊಂಡ. ಆರು ಸುತ್ತು ನಡೆಯಿತು, ತೊಂಬತ್ತು ನಿಮಿಷ. ಅವನು ರಾಯ್ಸ್‌ನ ಕಾಲಿಗೆ ಒಂದೇ ಸಮನೆ ಒದ್ದ. ಅವನ ಅಂಗಿಯನ್ನೇ ಅವನಿಗೆ ತೊಡಕು ಮಾಡಿದ. ಏಳನೆಯ ಸುತ್ತಿಗೆ ರಾಯ್ಸ್‌ಗೆ ಕಾಲೂರಲು ಆಗದಾಗ ಅವನ ಕಡೆಯವರು ಟವೆಲ್ ಎಸೆದರು. ತಂದೆ ಸೋತ ನಲವತ್ತೊಂಬತ್ತು ವರ್ಷಕ್ಕೆ ಮಗನ ಪಾಲಿಗೂ ಟವೆಲ್.

ಪಂದ್ಯ ಮುಗಿಯಿತೆಂದು ನಾನು ಮೌಸಿಗೆ ಕೈ ಹಾಕಿದ್ದೆ. ಮುಗಿದಿರಲಿಲ್ಲ. ಅದೇ ರಾತ್ರಿ, ಅದೇ ಕಾಲುಗಳ ಮೇಲೆ, ಸಕುರಾಬಾ ಉಕ್ರೇನಿನ ಇಗೋರ್ ವೊವ್ಚಾಂಚಿನ್ ಎಂಬ ಭಾರಿ ಹೊಡೆತಗಾರನ ಎದುರು ಬಂದು ನಿಂತ. ಇನ್ನೂ ಹದಿನೈದು ನಿಮಿಷ ಆಡಿದ. ಮತ್ತೊಂದು ಸುತ್ತು ಎಂದಾಗ ಅವನ ಕಡೆಯವರೇ ಸಾಕೆಂದರು. ಮಾವ ಎದ್ದು ನಿಂತಿದ್ದರು, ಕೂತುಕೊಳ್ಳಲು ಮರೆತು.

ಅದೇ ವರ್ಷ ಆಗಸ್ಟಿನಲ್ಲಿ ರೆನ್ಝೊ ಗ್ರೇಸಿಯ ಮೊಣಕೈ ಸಕುರಾಬಾನ ಕಿಮುರಾದಲ್ಲಿ ಕೀಲು ತಪ್ಪಿತು. ರೆನ್ಝೊ ಕೂಡ ಶರಣು ಅನ್ನಲಿಲ್ಲ. ಆದರೆ ಆಮೇಲೆ ಯಾವ ನೆಪವನ್ನೂ ಹೇಳದೆ, ಇವತ್ತು ಇವನೇ ನನಗಿಂತ ಮಿಗಿಲು ಎಂದು ಎಲ್ಲರ ಮುಂದೆ ಒಪ್ಪಿಕೊಂಡ. ಅಂಥ ಸೋಲಿಗೂ ಅಂಥ ಗೆಲುವಿಗೂ ತಕ್ಕ ಜನ ಅಲ್ಲಿದ್ದರು. ಜಪಾನಿನ ಆ ಪ್ರೇಕ್ಷಕರು ದೇವಸ್ಥಾನದಲ್ಲಿ ಕೂತಂತೆ ಮೌನವಾಗಿ ಕೂರುತ್ತಿದ್ದರು. ಹೊಡೆತ ಬಿದ್ದಾಗ ಮಾತ್ರವಲ್ಲ, ನೆಲದ ಮೇಲೆ ಒಬ್ಬನ ಸೊಂಟ ಅರ್ಧ ಗೇಣು ಸರಿದಾಗಲೂ ಚಪ್ಪಾಳೆ ತಟ್ಟುತ್ತಿದ್ದರು. ಪಟ್ಟಿನ ಬೆಲೆ ಅವರಿಗೆ ಗೊತ್ತಿತ್ತು.

ಇನ್ನು ಹೇಳಬೇಕಾದ್ದು ಕಹಿ. 2001ರ ಮಾರ್ಚಿನಲ್ಲಿ ನೆಲಕ್ಕೆ ಬಿದ್ದವನ ತಲೆಗೆ ಒದೆಯಲು, ಮಂಡಿಯಿಂದ ಗುದ್ದಲು ಪ್ರೈಡ್‌ನ ನಿಯಮ ಅನುವು ಮಾಡಿಕೊಟ್ಟಿತು. ಅದೇ ರಾತ್ರಿ ಸಕುರಾಬಾ ಎದುರು ಬಂದವನು ವಾಂಡರ್ಲಿ ಸಿಲ್ವಾ. ಎರಡು ನಿಮಿಷದೊಳಗೆ ಎಲ್ಲ ಮುಗಿಯಿತು. ನವೆಂಬರಿನಲ್ಲಿ ಮತ್ತೆ ಅವನೇ, ಈ ಸಲ ಹೆಗಲ ಎಲುಬು ಮುರಿಯಿತು. 2002ರಲ್ಲಿ ಭಾರಿ ತೂಕದ ಮಿರ್ಕೊ ಕ್ರೊ ಕಾಪ್‌ನ ಎದುರು ಕಣ್ಣಿನ ಗೂಡಿನ ಮೂಳೆ ಮುರಿಯಿತು. 2003ರಲ್ಲಿ ಸಿಲ್ವಾ ಮೂರನೆಯ ಸಲ ಅವನನ್ನು ಮಲಗಿಸಿದ. ನಡುನಡುವೆ ಗೆಲುವುಗಳೂ ಇದ್ದವು, ತನಗಿಂತ ದೊಡ್ಡ ಮೈಯ ಕ್ವಿಂಟನ್ ಜ್ಯಾಕ್ಸನ್‌ನನ್ನೂ ಕೆವಿನ್ ರ್‍ಯಾಂಡಲ್‌ಮನ್‌ನನ್ನೂ ಅವನು ಪಟ್ಟಿನಲ್ಲೇ ಗೆದ್ದ. ಆದರೆ ದೇಹ ಒಂದೊಂದಾಗಿ ಸಾಲ ತೀರಿಸುತ್ತಿತ್ತು.

ಸಿಲ್ವಾ ಪಂದ್ಯದ ಸಿ.ಡಿ. ಸಿಕ್ಕಿದಾಗ ಅದನ್ನೂ ಮಾವನಿಗೆ ತೋರಿಸಿದೆ. ನೋಡಿ ಮುಗಿಸಿ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಈ ಜೋಡಿ ಕಟ್ಟಿದ್ದು ಯಾರಪ್ಪಾ?"

ಮೈಸೂರಿನವರಿಗೆ ಆ ಪ್ರಶ್ನೆಯ ತೂಕ ಗೊತ್ತು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನವೊಂದಿದೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಕಲಿತ ವಿದ್ಯೆ ಎಲ್ಲವನ್ನೂ ತೂಗಿ ಹಿರಿಯರು ಸಮಜೋಡಿ ಗೊತ್ತು ಮಾಡುತ್ತಾರೆ. ಹುಡುಗನ ಮರ್ಯಾದೆಯೂ ಮೈಯೂ ಉಳಿಯುವುದು ಆ ಹಿರಿಯರ ಕಣ್ಣಿನಿಂದ. ಸಕುರಾಬಾಗೆ ಜೋಡಿ ಕಟ್ಟಿದವರು ಹಿರಿಯರಾಗಿರಲಿಲ್ಲ. ಅವನ ಹೆಸರಿಗೆ ಕ್ರೀಡಾಂಗಣ ತುಂಬುತ್ತಿತ್ತು. ಅವನು ಬೇಡ ಅನ್ನುತ್ತಿರಲಿಲ್ಲ. ಅವನ ಒಳ್ಳೆಯತನವನ್ನೇ ಎಲ್ಲರೂ ಖರ್ಚು ಮಾಡಿದರು. ಸಿ.ಡಿ. ಹುಡುಕಿಕೊಂಡು ಅಲೆಯುತ್ತಿದ್ದ ನಾನೂ ಅವರಲ್ಲೊಬ್ಬ, ಇದನ್ನು ಬರೆಯುವಾಗ ಎದೆ ಭಾರವಾಗುತ್ತದೆ.

ಪ್ರೈಡ್ ಕೂಡ ಉಳಿಯಲಿಲ್ಲ. ಭೂಗತ ಜಗತ್ತಿನ ನಂಟಿನ ಆರೋಪಗಳ ನಡುವೆ 2006ರಲ್ಲಿ ಫುಜಿ ಟಿ.ವಿ. ಅದರ ಕೈಬಿಟ್ಟಿತು. 2007ರಲ್ಲಿ ಯು.ಎಫ್.ಸಿ.ಯ ಮಾಲೀಕರು ಅದನ್ನು ಕೊಂಡರು. ಆ ಏಪ್ರಿಲಿನ ಕೂಟವೇ ಕೊನೆಯದು. ಸಕುರಾಬಾ ಮಾತ್ರ ನಿಲ್ಲಲಿಲ್ಲ. ಮಂಡಿಗೂ ಹೆಗಲಿಗೂ ಪಟ್ಟಿ ಸುತ್ತಿಕೊಂಡು ಬೇರೆ ಬೇರೆ ಕಣಗಳಲ್ಲಿ ಇಳಿಯುತ್ತಲೇ ಇದ್ದ. 2010ರ ಒಂದು ಪಂದ್ಯದಲ್ಲಿ ಅವನ ಕಿವಿ ಹರಿದು ನೇತಾಡಿತು. 2015ರ ಡಿಸೆಂಬರಿನಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಶಿನ್ಯಾ ಆವೊಕಿಯ ಕೆಳಗೆ ಸಿಕ್ಕಿ ಹೊಡೆತ ತಿನ್ನುತ್ತಾ ಮಲಗಿದ್ದವನನ್ನು ಕಂಡು ನಾನು ಪರದೆ ಆರಿಸಿದೆ. ಆ ಪಂದ್ಯವನ್ನೂ ಟವೆಲೇ ಮುಗಿಸಿತು. ಸಕುರಾಬಾ ಶರಣು ಅಂದಿರಲಿಲ್ಲ. ಎರಡು ವರ್ಷದ ಬಳಿಕ ಯು.ಎಫ್.ಸಿ. ತನ್ನ ಗೌರವ ಪಟ್ಟಿಗೆ ಅವನ ಹೆಸರು ಸೇರಿಸಿತು.

ಇಂದಿನ ಕ್ರೀಡೆ ಅಂದಿನದಕ್ಕಿಂತ ನ್ಯಾಯವಾದದ್ದು. ತೂಕದ ವಿಭಾಗವಿದೆ, ವೈದ್ಯರಿದ್ದಾರೆ, ಹೆಚ್ಚಿನ ಕಡೆ ಬಿದ್ದವನ ತಲೆಗೆ ಒದೆಯುವಂತಿಲ್ಲ. ಅದು ಹಾಗೆಯೇ ಇರಬೇಕು. ಆದರೆ ಈಗ ಎಲ್ಲರೂ ಎಲ್ಲವನ್ನೂ ಕಲಿತು ಬರುತ್ತಾರೆ. ಬ್ರೆಜಿಲಿನವನಾಗಲಿ ರಷ್ಯಾದವನಾಗಲಿ ಕಣಕ್ಕಿಳಿದ ಮೇಲೆ ಹೆಚ್ಚುಕಡಿಮೆ ಒಂದೇ ಭಾಷೆ ಮಾತಾಡುತ್ತಾನೆ. ಸಕುರಾಬಾನ ಒಂದು ಪಟ್ಟಿನೊಳಗೆ ವಿಗನ್‌ನ ಗಣಿಯ ಮಸಿಯಿತ್ತು, ಜಪಾನಿನ ವೃತ್ತಿ ಕುಸ್ತಿಯ ಬಣ್ಣವಿತ್ತು, ಅವನ ತೊಡೆಯೊಳಗೆ ನಮ್ಮ ಗರಡಿಯ ಬಸ್ಕಿಯಿತ್ತು. ದೇಹ ನೋಡಿ ಗರಡಿ ಹೇಳುವ ಆ ಕಾಲ ಮುಗಿಯಿತು. ಇಲ್ಲೂ ಅಷ್ಟೆ. ಮಾವ ಸಾಮು ಮಾಡಿದ ಗರಡಿಯ ಬಾಗಿಲು ಈಗ ವರ್ಷಕ್ಕೊಮ್ಮೆ ಪೂಜೆಗೆ ತೆರೆಯುತ್ತದೆ, ಮಟ್ಟಿಯ ಮಣ್ಣು ಒಣಗಿ ಗಟ್ಟಿಯಾಗಿದೆ.

ನಮ್ಮ ನುಡಿಯಲ್ಲೊಂದು ಸೋಜಿಗವಿದೆ. ಕುಸ್ತಿಯನ್ನು ನಾವು 'ಆಡು'ತ್ತೇವೆ. ಅದಿರಲಿ, ಹೊಡೆದಾಟ, ಬಡಿದಾಟ, ಕಾದಾಟ, ಗುದ್ದಾಟ, ಹೋರಾಟ, ಯಾವುದನ್ನೇ ಬಿಡಿಸಿದರೂ ಕೊನೆಗೆ ಉಳಿಯುವುದು ಆಟ. ಹಗೆಯೊಳಗೂ ಅದನ್ನು ಮರೆಯಬೇಡಿ ಎಂದು ಹಿಂದಿನವರು ಮಾತಿನಲ್ಲೇ ಗಂಟು ಕಟ್ಟಿಟ್ಟಂತಿದೆ. ಕನ್ನಡದ ಒಂದಕ್ಷರ ತಿಳಿಯದ ಅಕಿತಾದ ಆ ಹುಡುಗ ಆ ಗಂಟನ್ನು ಬಿಚ್ಚಿ ತೋರಿಸಿದ. ಮಾವ ಅದನ್ನು ಒಂದೇ ನೋಟಕ್ಕೆ ಗುರುತಿಸಿದರು.

2018ರಲ್ಲಿ ಸಕುರಾಬಾ 'ಕ್ವಿಂಟೆಟ್' ಎಂಬ ಕೂಟ ಶುರುಮಾಡಿದ. ಐದೈದು ಜನರ ತಂಡಗಳು. ಗೆದ್ದವನು ಕಣದಲ್ಲೇ ನಿಂತು ಮುಂದಿನವನನ್ನು ಎದುರಿಸಬೇಕು. ತಂಡದ ಒಟ್ಟು ತೂಕಕ್ಕೆ ಮಿತಿಯಿದೆ. ಹೊಡೆಯುವಂತಿಲ್ಲ, ಒದೆಯುವಂತಿಲ್ಲ, ಪಟ್ಟು ಮಾತ್ರ. ಅದರ ದೃಶ್ಯವೊಂದನ್ನು ನೋಡಿದೆ. ಸುತ್ತಿದ ಪಟ್ಟಿಗಳು, ಮುದುಡಿದ ಕಿವಿ, ನರೆತ ಕೂದಲು. ಚಾಪೆಯ ಮೇಲೆ ಎದುರಾಳಿಯ ಮಣಿಕಟ್ಟಿಗೆ ಅವನ ಕೈ ನಿಧಾನವಾಗಿ ಹೋಗುತ್ತಿತ್ತು.

ಮಾವ ಇದ್ದಿದ್ದರೆ ಮುಂದಕ್ಕೆ ಬಾಗಿ ಕೂರುತ್ತಿದ್ದರು.