ಶುಕ್ರವಾರದ ಆಲ್ಬಂ: ಹೊಸ ಪಾರ್ಟ್ನರ್ ಬಂದ ಮೇಲೆ

(ಪೋಸ್ಟ್ 1)

ಆಲ್ಬಂ ಬಂದ ದಿನವೇ ರಿವ್ಯೂ ಯಾಕೆ ಹಾಕಲ್ಲ ಅಂತ ಡಿಎಂನಲ್ಲಿ ಕೇಳ್ತಾನೇ ಇರ್ತೀರಿ. ಇವತ್ತು ಅದಕ್ಕೆ ಉತ್ತರ ಹೇಳಿಬಿಡ್ತೀನಿ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ನಾಲ್ಕು ಪೋಸ್ಟ್.

ಅಕ್ಟೋಬರ್ 3, 2025, ಶುಕ್ರವಾರ. ಟೇಲರ್ ಸ್ವಿಫ್ಟ್ ಆಲ್ಬಂ 'ದ ಲೈಫ್ ಆಫ್ ಎ ಶೋಗರ್ಲ್' ಬಂತು. ನ್ಯೂಯಾರ್ಕಿನ ನಡುರಾತ್ರಿ ಅಂದ್ರೆ ನಮಗೆ ಬೆಳಗ್ಗೆ ಒಂಬತ್ತೂವರೆ. ಹಿಂದಿನ ದಿನವಷ್ಟೇ ವಿಜಯದಶಮಿ, ಮನೆ ತುಂಬಾ ನೆಂಟರು. ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ತಿಂಡಿ ಬಡಿಸ್ತಾ ಇದ್ದೆ. ಒಂಬತ್ತು ಐವತ್ತಕ್ಕೆ ಮೆಸೇಜ್: 'ಅಕ್ಕ, ಎಷ್ಟು ಸ್ಟಾರ್?' ಆ ಆಲ್ಬಂ ಇರೋದೇ ಸುಮಾರು 41 ನಿಮಿಷ! ಹನ್ನೆರಡು ಹಾಡಲ್ಲಿ ಅರ್ಧವೂ ಮುಗಿದಿರಲಿಲ್ಲ.

ಮೊದಲ ವಾರ ಅಮೆರಿಕದಲ್ಲಿ ಅದರ ಲೆಕ್ಕ 40 ಲಕ್ಷ ಯೂನಿಟ್ ದಾಟಿತು. 2015ರಲ್ಲಿ ಅಡೆಲ್ ಮಾಡಿದ್ದ ದಾಖಲೆ ಮುರೀತು. ಬಿಕಾಂ ಓದೋಳು ನಾನು, ಇಂಥ ಅಂಕಿ ನೋಡಿದ್ರೆ ಖುಷಿಯಾಗುತ್ತೆ. ಆದ್ರೆ ಒಂದೇ ಆಲ್ಬಂ ಬೇರೆ ಬೇರೆ ಕವರ್ ಹಾಕಿ ಮಾರಿದ್ದೂ ಆ ಲೆಕ್ಕದಲ್ಲೇ ಸೇರಿದೆ. ಒಬ್ಬನೇ ಅಭಿಮಾನಿ ನಾಲ್ಕು ಕವರ್ ತಗೊಂಡ್ರೆ ಮಾರಾಟ ನಾಲ್ಕು, ಕೇಳೋ ಕಿವಿ ಅದೇ ಎರಡು. ಎರಡು ತಿಂಗಳಾದ ಮೇಲೆ ನಾನು ತಾನಾಗೇ ಹುಡುಕಿ ಹಾಕ್ಕೊಳ್ಳೋದು 'ದ ಫೇಟ್ ಆಫ್ ಒಫೀಲಿಯಾ' ಮತ್ತೆ 'ಓಪಲೈಟ್'. ಎರಡೇ. ಇದನ್ನ ಅವತ್ತು ಒಂಬತ್ತು ಐವತ್ತಕ್ಕೆ ಹೇಗೆ ಹೇಳಲಿ?

(ಪೋಸ್ಟ್ 2)

ಇವತ್ತಿನ ಆಲ್ಬಂ ಅದಲ್ಲ. ಲಿಂಕಿನ್ ಪಾರ್ಕ್‌ನ 'ಫ್ರಮ್ ಝೀರೋ'. ಬಂದಿದ್ದು 2024ರ ನವೆಂಬರ್ 15ಕ್ಕೆ, ವರ್ಷ ದಾಟಿದೆ. ಇದನ್ನೇ ಯಾಕೆ ಅಂದ್ರೆ, ಬ್ಯಾಂಡ್ 2026ರ ಜನವರಿ 23ಕ್ಕೆ ಬೆಂಗಳೂರಿಗೆ ಬರೋದಿತ್ತು. ನಮ್ಮ ದೊಡ್ಡಪ್ಪನ ಮಗ ಫೋನ್ ಮಾಡಿ, 'ನೀನು ರಿವ್ಯೂ ಬರೀತೀಯಲ್ಲ, ಹೇಳು, ಟಿಕೆಟ್ ತಗೊಳ್ಳಲಾ ಬೇಡ್ವಾ?' ಅಂತ ಕೇಳಿದ.

ಇದು ಸಣ್ಣ ಪ್ರಶ್ನೆ ಅಲ್ಲ. ನಂಗೆ ರಾಕ್ ಅನ್ನೋದು ಬಂದಿದ್ದೇ ಅಣ್ಣನ ಹಳೇ ಮೆಮೊರಿ ಕಾರ್ಡಿಂದ. ಅದರಲ್ಲಿ 'ಹೈಬ್ರಿಡ್ ಥಿಯರಿ' ಪೂರ್ತಿ ಇತ್ತು, 2000ದ ಆಲ್ಬಂ, ನಾನು ಹುಟ್ಟೋಕೂ ಮೊದಲಿಂದು. ಕನ್ನಡ ಮೀಡಿಯಂ ಹುಡುಗಿ, ಒಂದು ಸಾಲೂ ಅರ್ಥ ಆಗ್ತಿರಲಿಲ್ಲ. ಅಜ್ಜಿ ಅಂತೂ 'ಯಾರಿಗೆ ಏನು ಬಂತೇ, ಹಿಂಗೆ ಕೂಗ್ತಾನಲ್ಲ' ಅಂತ ಒಳಗಿಂದ ಎದ್ದು ಬರ್ತಿದ್ರು. ಚೆಸ್ಟರ್ ಬೆನಿಂಗ್ಟನ್ ದನಿ ಅದು. 2017ರ ಜುಲೈ 20ಕ್ಕೆ ಅವನು ತೀರಿಕೊಂಡ. ನಾನಾಗ ಇನ್ನೂ ಹೈಸ್ಕೂಲಿಗೂ ಹೋಗಿರಲಿಲ್ಲ. ಅಣ್ಣ ಅತ್ತಿದ್ದೇನೂ ನಾನು ನೋಡಿಲ್ಲ. ಆದ್ರೆ ಆಮೇಲೆ ಅವನು ಆ ಬ್ಯಾಂಡ್ ಕೇಳೋದೇ ಬಿಟ್ಟ. ಕಾರಲ್ಲಿ ರೇಡಿಯೋದಲ್ಲಿ ಬಂದ್ರೂ ಬದಲಾಯಿಸ್ತಿದ್ದ.

ಏಳು ವರ್ಷ ಬ್ಯಾಂಡ್ ಸುಮ್ಮನಿತ್ತು. 2024ರ ಸೆಪ್ಟೆಂಬರಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಅನ್ನೋ ಹೊಸ ಗಾಯಕಿ ಬಂದಳು, ಮೊದಲು 'ಡೆಡ್ ಸಾರಾ' ಬ್ಯಾಂಡಲ್ಲಿ ಹಾಡ್ತಿದ್ದೋಳು. ಡ್ರಮ್ಸಿಗೂ ಹೊಸಬ, ಕಾಲಿನ್ ಬ್ರಿಟನ್. ಜನ ಎರಡು ಪಾರ್ಟಿ ಆದ್ರು. ಒಂದು ಕಡೆ 'ಹೆಸರು ಬದಲಾಯಿಸಿ', ಇನ್ನೊಂದು ಕಡೆ 'ಬದುಕು ನಿಲ್ಲಬೇಕಾ'. ಎರಡೂ ಪಾರ್ಟಿಯವರು ಆಲ್ಬಂ ಬರೋಕೆ ಮೊದಲೇ ರಿವ್ಯೂ ಬರೆದಾಗಿತ್ತು.

(ಪೋಸ್ಟ್ 3)

ಈಗ ಸ್ವಲ್ಪ ಅಕೌಂಟೆನ್ಸಿ. ಓಡಿಹೋಗಬೇಡಿ.

ಸೆಕೆಂಡ್ ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಪಾರ್ಟ್ನರ್‌ಶಿಪ್ ಚಾಪ್ಟರ್‌ಗಳು ನೆನಪಿರಬಹುದು. ಒಬ್ಬ ಪಾರ್ಟ್ನರ್ ಬರ್ತಾನೆ, ಒಬ್ಬ ಬಿಡ್ತಾನೆ, ಒಬ್ಬ ತೀರಿಕೊಳ್ತಾನೆ. 1932ರ ನಮ್ಮ ಪಾರ್ಟ್ನರ್‌ಶಿಪ್ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ರೆ ಪಾರ್ಟ್ನರ್ ಸತ್ತಾಗ ಫರ್ಮೇ ವಿಸರ್ಜನೆ. ಒಪ್ಪಂದ ಇದ್ರೆ ಫರ್ಮ್ ಮುಂದುವರಿಯುತ್ತೆ, ಆದ್ರೆ ಎಲ್ಲಾ ಆಸ್ತಿ, ಸಾಲ ಹೊಸದಾಗಿ ಬೆಲೆ ಕಟ್ಟಬೇಕು. ಗುಡ್‌ವಿಲ್‌ನಲ್ಲಿ ಹೋದವನ ಪಾಲು ಅವನ ಖಾತೆಗೇ ಸೇರಬೇಕು. ಹೊಸದಾಗಿ ಬರೋನು ಬಂಡವಾಳದ ಜೊತೆ ಗುಡ್‌ವಿಲ್‌ಗೆ ಅಂತಾನೂ ದುಡ್ಡು ತರಬೇಕು, ಯಾಕಂದ್ರೆ ಅವನು ಕೂರೋದು ಬೇರೆಯವರು ಕಟ್ಟಿದ ಹೆಸರಿನ ಮೇಲೆ.

ನಾನು 'ಫ್ರಮ್ ಝೀರೋ' ಕೇಳಿದ್ದು ಹೀಗೆ. ಚೆಸ್ಟರ್ ಪಾಲು ಅವನ ಖಾತೆಗೆ ಹೋಗಿದೆಯಾ? ಎಮಿಲಿ ತನ್ನದು ಏನು ತಂದಿದ್ದಾಳೆ?

ಹನ್ನೊಂದು ಟ್ರ್ಯಾಕ್, 32 ನಿಮಿಷವೂ ಪೂರ್ತಿ ಇಲ್ಲ. ಮೊದಲನೇದು 22 ಸೆಕೆಂಡಿನ ಇಂಟ್ರೋ, ಆಲ್ಬಂ ಹೆಸರಿನ ಬಗ್ಗೆ ಎಮಿಲಿ ಏನೋ ಕೇಳೋ ಮಾತಿನ ತುಣುಕು. ಹೆಸರಲ್ಲಿ ಎರಡು ಅರ್ಥ ಇದೆ: ಸೊನ್ನೆಯಿಂದ ಶುರು ಅಂತ ಒಂದು, ಲಿಂಕಿನ್ ಪಾರ್ಕ್ ಆಗೋ ಮೊದಲು ಆ ಬ್ಯಾಂಡಿಗೆ 'ಝೀರೋ' ಅಂತ ಹೆಸರಿತ್ತು ಅನ್ನೋದು ಇನ್ನೊಂದು. (ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಮಾತ್ರ ಒಂದು ಸ್ಟ್ರೀಮ್. 22 ಸೆಕೆಂಡಿನ ಟ್ರ್ಯಾಕ್ ಇಡೋದು ಅಂದ್ರೆ ಲೆಕ್ಕಕ್ಕೆ ಸಿಗದಿದ್ದನ್ನೂ ಇಟ್ಟಿದ್ದಾರೆ ಅಂತ. ನಂಗೆ ಇಷ್ಟ ಆಯ್ತು.)

'ದ ಎಂಪ್ಟಿನೆಸ್ ಮೆಷಿನ್' ಎಲ್ರೂ ಕೇಳಿರ್ತೀರಿ. ಅದರಲ್ಲಿ ಮೊದಲು ಹಾಡೋದು ಮೈಕ್ ಶಿನೋಡಾ. ಎಮಿಲಿ ಬರೋದು ಒಂದು ಕೋರಸ್ ಮುಗಿದ ಮೇಲೆ. ಮನೆಗೆ ಹೊಸಬರನ್ನ ಕರ್ಕೊಂಡು ಬರುವಾಗ ಮನೆಯವರು ಮೊದಲು ಒಳಗೆ ಬಂದು ಮಾತಾಡ್ತಾರಲ್ಲ, ಹಾಗೆ. ಜಾಣತನ ಇದೆ, ಆದ್ರೆ ಅವಳ ಪರೀಕ್ಷೆ ಅಲ್ಲಿಲ್ಲ. ಪರೀಕ್ಷೆ ಇರೋದು 'ಓವರ್ ಈಚ್ ಅದರ್'ನಲ್ಲಿ. ಅಲ್ಲಿ ಅವಳೊಬ್ಬಳೇ, ಮೈಕ್ ಮುಂದೆ ನಿಂತು ಕಾಯಲ್ಲ. ಚೆಸ್ಟರ್ ಮೆತ್ತಗೆ ಹಾಡುವಾಗ ದನಿ ತೆಳು ಗಾಜಿನ ಥರ ಇರ್ತಿತ್ತು, ಈಗ ಒಡೆಯುತ್ತೆ ಅನ್ನಿಸೋದು. ಎಮಿಲಿ ದನಿಯಲ್ಲಿ ಮೆತ್ತಗಿದ್ದಾಗ್ಲೂ ಮರಳಿನ ಗೊರಗೊರ ಇದೆ. ಅವಳು ಅದನ್ನ ಮುಚ್ಚೋಕೆ ಹೋಗಲ್ಲ. 'ಕ್ಯಾಶುಯಲ್ಟಿ' ಅಂತೂ ಹಳೇ ಬ್ಯಾಂಡ್ ಹೀಗೆ ಮಾಡ್ತಿರಲಿಲ್ಲ ಅನ್ನಿಸೋ ಅಷ್ಟು ಒರಟು ಪಂಕ್. ಅದು ಅವಳು ತಂದ ಬಂಡವಾಳ.

ಸಿಟ್ಟು ಬರೋದು 'ಹೆವಿ ಈಸ್ ದ ಕ್ರೌನ್'ಗೆ. ಎಲ್ರೂ ಹೊಗಳಿದ ಹಾಡು, ಲೀಗ್ ಆಫ್ ಲೆಜೆಂಡ್ಸ್ ಗೇಮಿನ 2024ರ ವಿಶ್ವ ಚಾಂಪಿಯನ್‌ಶಿಪ್ಪಿಗೆ ಮಾಡಿದ್ದು. ಅದರ ಉದ್ದದ ಕಿರುಚು ಕೇಳಿದ ತಕ್ಷಣ 2007ರ 'ಗಿವನ್ ಅಪ್' ನೆನಪಾಗುತ್ತೆ. ನೆನಪಾಗಲಿ ಅಂತಾನೇ ಇಟ್ಟಂಗಿದೆ. ಅವಳಿಗೆ ಉಸಿರು ಇದೆ ಅಂತ ತೋರಿಸಿದ್ರು, ಸರಿ. ಆದ್ರೆ ಅದು ಹೋದವನ ಖಾತೆಯಿಂದ ತೆಗೆದ ದುಡ್ಡು. 'ಸ್ಟೇನ್ಡ್' ಬಗ್ಗೆ ಹೇಳೋಕೆ ಏನೂ ಇಲ್ಲ, ಎಂಟು ಸಲ ಕೇಳಿದ್ರೂ ನೆನಪಲ್ಲಿ ನಿಂತಿಲ್ಲ.

(ಪೋಸ್ಟ್ 4)

ಅಣ್ಣನಿಗೆ ನಾನು ಸ್ಟಾರ್ ಕೊಡಲಿಲ್ಲ. 'ಓವರ್ ಈಚ್ ಅದರ್' ಒಂದೇ ಕಳಿಸಿದೆ, ಜೊತೆಗೆ 'ಇದನ್ನ ಲಿಂಕಿನ್ ಪಾರ್ಕ್ ಅಂದ್ಕೋಬೇಡ, ಸುಮ್ನೆ ಕೇಳು' ಅಂತ. ಎರಡು ದಿನ ಬ್ಲೂ ಟಿಕ್ ಮಾತ್ರ. ಮೂರನೇ ದಿನ ರಾತ್ರಿ ಬಂತು: 'ಅವನ ಥರ ಹಾಡೋಕೆ ಹೋಗಿಲ್ಲ. ಥ್ಯಾಂಕ್ಸ್.' ಟಿಕೆಟ್ ವಿಷಯ ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ. ಶೋನಲ್ಲಿ ಹಳೇ ಹಾಡುಗಳನ್ನೂ ಅವಳೇ ಹಾಡ್ತಾಳೆ, ಅದು ಅವನಿಗೆ ಬೇರೆಯೇ ಕಷ್ಟ. ಅದಕ್ಕೆ ನನ್ನ ಹತ್ರ ರಿವ್ಯೂ ಇಲ್ಲ.

ನೀವು ಈ ಆಲ್ಬಂ ಕೊನೆಯಿಂದ ಕೇಳಿ ನೋಡಿ, 'ಗುಡ್ ಥಿಂಗ್ಸ್ ಗೋ'ದಿಂದ ಹಿಂದಕ್ಕೆ. ಮೊದಲೇ ಸಿಂಗಲ್ ಆಗಿ ಬಂದು ಸವೆದ ಹಾಡುಗಳು ಆಗ ಕೊನೆಗೆ ಬರ್ತವೆ, ಮಿಕ್ಕವು ಕಿವಿಗೆ ಬೀಳ್ತವೆ. ಮೇ ತಿಂಗಳಲ್ಲಿ ಬಂದ ಡೀಲಕ್ಸ್‌ನಲ್ಲಿ ಇನ್ನೂ ಮೂರು ಹಾಡಿವೆ. ಅದರಲ್ಲಿ 'ಅನ್‌ಶ್ಯಾಟರ್' ಬಿಡಬೇಡಿ, ಮೂಲ ಆಲ್ಬಮ್ಮಿನಲ್ಲೇ ಇರಬೇಕಿತ್ತು.

ಇನ್ನೊಂದು, ಪಕ್ಕದಲ್ಲಿಟ್ಟು ಕೇಳೋಕೆ: ಅದೇ ನವೆಂಬರ್ 1ಕ್ಕೆ ಬಂದ ದ ಕ್ಯೂರ್ ಬ್ಯಾಂಡಿನ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'. ಹದಿನಾರು ವರ್ಷ ಆದ ಮೇಲಿನ ಆಲ್ಬಂ, ಎಂಟೇ ಹಾಡು. ಮೊದಲ ಹಾಡು 'ಅಲೋನ್'ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯೋಕೆ ಮೂರು ನಿಮಿಷದ ಮೇಲೆ ಹಿಡಿಯುತ್ತೆ. 30 ಸೆಕೆಂಡಿಗೆ ಸ್ಕಿಪ್ ಮಾಡೋರಿಗೆ ಅವನು ಸಿಗೋದೇ ಇಲ್ಲ. ತೀರಿಹೋದ ತನ್ನ ಅಣ್ಣನ ಬಗ್ಗೆ ಒಂದು ಹಾಡೂ ಇದೆ ಅದರಲ್ಲಿ, 'ಐ ಕ್ಯಾನ್ ನೆವರ್ ಸೇ ಗುಡ್‌ಬೈ'. ಬಸ್ಸಲ್ಲಿ ಕೇಳಬೇಡಿ. ನಾನು ಕೇಳಿ, ನನ್ನ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಇಳಿದೆ.

ಮುಂದಿನ ಶುಕ್ರವಾರ ರಿವ್ಯೂ ಇಲ್ಲ, ಸೋಮವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ ಇದೆ. 'ಹೆವಿ ಈಸ್ ದ ಕ್ರೌನ್' ಬಗ್ಗೆ ಜಗಳ ಆಡೋರು ಕಾಮೆಂಟಿಗೆ ಬನ್ನಿ, ಪರೀಕ್ಷೆ ಮುಗಿಸಿ ಒಬ್ಬೊಬ್ಬರಿಗೇ ಉತ್ತರ ಕೊಡ್ತೀನಿ.